‘ಕುಕೂ’ ಪದದ ಮೂಲವನ್ನು ಹುಡುಕುವ ಬಗೆ

ಹೂಮಳೆಯ ದಿನಗಳಲ್ಲಿ ಕಾಫಿ ತೋಟದ ಕೋಗಿಲೆಯನ್ನು ಕೇಳುತ್ತ ಬೆಳೆದ ಕೊಡಗಿನ ವಿದ್ಯಾರ್ಥಿಗೆ, ಇಂಗ್ಲಿಷಿನ ‘ಕುಕೂ’ ಎಂಬ ಹೆಸರು ಹಕ್ಕಿಯ ಕೂಗಿನ ಅನುಕರಣೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಿವಿಯ ಸಾಕ್ಷ್ಯವೊಂದನ್ನೇ ನಂಬಿ ಪದದ ಮೂಲವನ್ನು ತೀರ್ಮಾನಿಸಬಾರದು.

ಮೊದಲು, ಪದವು ಯಾವುದನ್ನು ಹೆಸರಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇಂಗ್ಲೆಂಡಿನ ಕುಕೂ ನಮ್ಮ ಕೋಗಿಲೆಯಲ್ಲ. ಎರಡೂ ಒಂದೇ ಕುಟುಂಬದ ಬೇರೆ ಬೇರೆ ಹಕ್ಕಿಗಳು. ಕೋಗಿಲೆಯ ಕೂಗು ಏರುತ್ತ ಹೋಗುತ್ತದೆ. ಗಂಡು ಕುಕೂ ಎರಡು ಸ್ವರಗಳಲ್ಲಿ ಕೂಗುತ್ತದೆ, ಎರಡನೆಯದು ಮೊದಲನೆಯದಕ್ಕಿಂತ ತಗ್ಗಿನದು.

ಬಳಿಕ ವ್ಯುತ್ಪತ್ತಿಯನ್ನು ಕೊಡುವ ದೊಡ್ಡ ನಿಘಂಟಿನಲ್ಲಿ ಅತ್ಯಂತ ಹಳೆಯ ರೂಪವನ್ನು ನೋಡಿ. ಈ ಕೆಲಸದ ಜೀವಾಳ ಇಲ್ಲಿದೆ. ಬೇಸಿಗೆಯನ್ನು ಸ್ವಾಗತಿಸುವ 13ನೆಯ ಶತಮಾನದ ಇಂಗ್ಲಿಷ್ ಹಾಡೊಂದರಲ್ಲಿ ‘ಕುಕ್ಕು’ ಎಂಬ ರೂಪ ಸಿಗುತ್ತದೆ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಅದಕ್ಕೂ ಮುಂಚೆ ಇಂಗ್ಲಿಷರು ಈ ಹಕ್ಕಿಯನ್ನು ಹೆಚ್ಚುಕಡಿಮೆ ‘ಯಾಕ್’ ಎಂದು ಕೇಳಿಸುವ ಹೆಸರಿನಿಂದ ಕರೆಯುತ್ತಿದ್ದರು. ಅದರಲ್ಲಿ ಕೂಗೆಲ್ಲಿದೆ ಎಂದು ಕೇಳಬಹುದು. ಜರ್ಮನ್ನಿನ ‘ಗೌಖ್’, ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ಗೌಕ್ರ್’ ಎಂಬ ಸೋದರ ಪದಗಳನ್ನು ಪಕ್ಕದಲ್ಲಿ ಬರೆದುಕೊಂಡರೆ, ಇದೂ ಕೂಗಿನಿಂದಲೇ ಹುಟ್ಟಿ, ಮೊದಲಿನ ಗಕಾರ ಯಕಾರವಾಗಿ ಸವೆದದ್ದು ಕಾಣುತ್ತದೆ. ಕೂಗನ್ನು ಕಳೆದುಕೊಂಡ ಹಳೆಯ ಹೆಸರಿನ ಜಾಗಕ್ಕೆ ಕೂಗುಳ್ಳ ಹೊಸ ಹೆಸರು ಬಂದಿತು. ಪದಗಳ ಚರಿತ್ರೆಯಲ್ಲಿ ಇಷ್ಟು ಸೊಗಸಾದ ಸಂಗತಿಗಳು ವಿರಳವೆಂದೇ ನನ್ನ ಭಾವನೆ.

ಇದೇ ಕ್ರಮವನ್ನು ‘ಪಿಜನ್’ ಪದಕ್ಕೆ ಅನ್ವಯಿಸಿ ನೋಡಿ. ಇಂದಿನ ಉಚ್ಚಾರಣೆಯಲ್ಲಿ ಯಾವ ಸದ್ದೂ ಇಲ್ಲ; ಆದರೆ ಲ್ಯಾಟಿನ್ನಿನ ಮೂಲರೂಪ ‘ಪಿಪಿಯೊ’, ಎಂದರೆ ಪೀಪೀ ಎನ್ನುವ ಮರಿ.

ಅರ್ಥ ಬದಲಾದ ಜಾಡನ್ನೂ ಗಮನಿಸಬೇಕು. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಕೋವಿಯ ಸದ್ದು ಕನ್ನಡದ ಕಿವಿಗೆ ‘ಢಂ’, ಇಂಗ್ಲಿಷ್ ಕಿವಿಗೆ ‘ಬ್ಯಾಂಗ್’. ಆದರೆ ‘ಬ್ಯಾಂಗ್’ ಎಂಬುದು 16ನೆಯ ಶತಮಾನದಲ್ಲಿ ಬಲವಾಗಿ ಹೊಡೆಯುವುದನ್ನು ಹೇಳುವ ಕ್ರಿಯಾಪದವಾಗಿ ಬಳಕೆಯಲ್ಲಿತ್ತು; ಬಡಿಯುವುದೆಂಬ ಅರ್ಥದ ನಾರ್ಸ್ ಪದವೊಂದು ಅದರ ಬಂಧುವೆನ್ನುತ್ತಾರೆ.

ಕೊನೆಗೆ ಟಿಪ್ಪಣಿ ಬರೆಯುವಾಗ ಹಳೆಯ ರೂಪ, ಅದರ ಕಾಲ, ಸೋದರ ಪದಗಳು, ಅರ್ಥ ಎಲ್ಲವನ್ನೂ ಇದೇ ಕ್ರಮದಲ್ಲಿ ದಾಖಲಿಸಿ. ನಿಘಂಟು ‘ಬಹುಶಃ’ ಎಂದಿರುವಲ್ಲಿ ಆ ಪದವನ್ನು ಬಿಡದೆ ನೀವೂ ಬರೆಯಿರಿ.