ನ್ಯಾಯಾಲಯದ ಹೊಸ ನೌಕರರು ಎನ್‌ಪಿಎಸ್ ನೋಂದಣಿ ಮಾಡಿಸುವ ಬಗೆ

ಕೊಡಗಿನಲ್ಲಿ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಾಗಲಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆಯ ನ್ಯಾಯಾಲಯಗಳಲ್ಲಾಗಲಿ ದ್ವಿತೀಯ ದರ್ಜೆ ಸಹಾಯಕ, ಬೆರಳಚ್ಚುಗಾರ, ಆದೇಶ ಜಾರಿಕಾರ ಮುಂತಾದ ಹುದ್ದೆಗೆ ಹೊಸದಾಗಿ ಸೇರಿದವರು, 1-4-2006ರಿಂದ ಈಚೆಗೆ ನೇಮಕವಾದ ಇತರ ರಾಜ್ಯ ಸರ್ಕಾರಿ ನೌಕರರಂತೆಯೇ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ವ್ಯಾಪ್ತಿಗೆ ಬರುತ್ತಾರೆ. ಮೂಲ ವೇತನ ಮತ್ತು ತುಟ್ಟಿ ಭತ್ಯೆಯ ಮೊತ್ತದಲ್ಲಿ ಶೇ. 10ರಷ್ಟು ನೌಕರರ ಸಂಬಳದಿಂದ ಕಟಾವಾಗುತ್ತದೆ, ಸರ್ಕಾರ ಶೇ. 14ರಷ್ಟು ವಂತಿಕೆ ಸೇರಿಸುತ್ತದೆ.

ಕರ್ತವ್ಯಕ್ಕೆ ಹಾಜರಾದ ವಾರದಲ್ಲೇ ವೇತನ ಬಟವಾಡೆ ಅಧಿಕಾರಿಯ ಶಾಖೆಯಿಂದ ನೋಂದಣಿ ನಮೂನೆಯನ್ನು ಪಡೆಯಬೇಕು. ಅದನ್ನು ತುಂಬುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವಂತೆ ನಾನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಈ ಎಚ್ಚರ ಬೇರೆಡೆಗಿಂತ ಹೆಚ್ಚು ಬೇಕು. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಅಂಕಪಟ್ಟಿಯಲ್ಲಿ ಅದು ಒಂದೇ ಇನಿಷಿಯಲ್ ಆಗಿ, ಆಧಾರ್‌ನಲ್ಲಿ ಪೂರ್ಣವಾಗಿ, ಪ್ಯಾನ್‌ನಲ್ಲಿ ಕೊನೆಗೆ ಸರಿದು ನಿಂತಿರುವುದುಂಟು. ಮದುವೆಯ ನಂತರ ಗಂಡನ ಮನೆಹೆಸರಿಗೆ ಬದಲಾದ ಹೆಣ್ಣುಮಕ್ಕಳ ದಾಖಲೆಗಳಲ್ಲಂತೂ ಎರಡು ಮನೆಹೆಸರುಗಳು ಕಾಣಸಿಗುತ್ತವೆ. ಸೇವಾ ಪುಸ್ತಕದಲ್ಲಿ ಯಾವ ಹೆಸರಿದೆಯೋ ಅದಕ್ಕೆ ಉಳಿದವನ್ನು ಮೊದಲೇ ಹೊಂದಿಸಿಕೊಂಡರೆ, ನಿವೃತ್ತಿಯ ವರ್ಷದಲ್ಲಿ ಅಫಿಡವಿಟ್ ಹಿಡಿದು ಅಲೆಯುವ ಕಷ್ಟ ತಪ್ಪುತ್ತದೆ.

ನಾಮನಿರ್ದೇಶನದ ಅಂಕಣವನ್ನು ಖಾಲಿ ಬಿಡಬಾರದು. ಮೂವರವರೆಗೆ ನಾಮನಿರ್ದೇಶನ ಮಾಡಬಹುದು. ಪಾಲುಗಳ ಮೊತ್ತ ನೂರಕ್ಕೆ ನೂರು ಆಗಬೇಕು. ಅವಿವಾಹಿತರಾಗಿದ್ದಾಗ ತಾಯಿಯ ಹೆಸರು ಬರೆದು ಮರೆತುಬಿಡುವವರು ಬಹಳ. ಮದುವೆಯಾದೊಡನೆ ಹಳೆಯ ನಾಮನಿರ್ದೇಶನ ಅಸಿಂಧುವಾಗುತ್ತದೆಂಬುದು ನಿಯಮ. ಆದ್ದರಿಂದ ಹೊಸದನ್ನು ಕೂಡಲೇ ಸಲ್ಲಿಸಬೇಕು.

ನೋಂದಣಿಯಾದ ಮೇಲೆ 12 ಅಂಕಿಗಳ ಪ್ರಾನ್ (ಶಾಶ್ವತ ನಿವೃತ್ತಿ ಖಾತೆ ಸಂಖ್ಯೆ) ದೊರೆಯುತ್ತದೆ. ಅದನ್ನು ಸರ್ಕಾರಿ ನೌಕರರ ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಸೇರಿಸಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆ ಬೇರೆ, ಇದು ಬೇರೆ; ವೇತನ ಚೀಟಿಯಲ್ಲಿ ಎರಡೂ ಕಟಾವುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಸಂಬಳದಿಂದ ಹಣ ಕಟಾವಾದ ಮಾತ್ರಕ್ಕೆ ಅದು ಖಾತೆಗೆ ಜಮೆಯಾಯಿತೆಂದು ಭಾವಿಸಬಾರದು. ಎನ್‌ಪಿಎಸ್ ಖಾತೆಯ ಲೆಕ್ಕಪಟ್ಟಿಯಲ್ಲಿ ಪ್ರತಿ ತಿಂಗಳ ಎರಡೂ ವಂತಿಕೆಗಳು ಇವೆಯೇ ಎಂದು ನೋಡಿ, ಒಂದು ತಿಂಗಳು ಬಿಟ್ಟುಹೋಗಿದ್ದರೂ ಬಟವಾಡೆ ಅಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಮೊಬೈಲ್ ಗೋಪುರವೂ ನಿಂತರೆ ಒಟಿಪಿ ಬರುವುದಿಲ್ಲವಾದ್ದರಿಂದ, ಈ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ವರ್ಗಾವಣೆಯಾದರೂ ಪ್ರಾನ್ ಬದಲಾಗುವುದಿಲ್ಲ. ಹೊಸ ಕಚೇರಿಯ ಬಟವಾಡೆ ಅಧಿಕಾರಿಯ ಅಡಿಗೆ ಅದನ್ನು ವರ್ಗಾಯಿಸಿಕೊಂಡರೆ ಸಾಕು, ಮತ್ತೊಂದು ನೋಂದಣಿಗೆ ಅರ್ಜಿ ಹಾಕಕೂಡದು.