ಹೂತುಹೋದ ಮೆಟ್ಟಿಲು: ಹಳೇ ಮನೆ ರಿಪೇರಿಯಲ್ಲಿ ನನ್ನ ಅನುಭವ

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಮನೆ. ಅಜ್ಜ 1961ರಲ್ಲಿ ಕಟ್ಟಿಸಿದ್ದು. ಜಂಬಿಟ್ಟಿಗೆ ಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ ಗೋಡೆ, ಮೇಲೆ ಮಂಗಳೂರು ಹಂಚು. ಇದನ್ನು ನಾನು ಎರಡು ಸಲ ರಿಪೇರಿ ಮಾಡಿಸಿದ್ದೇನೆ. 2018ರಲ್ಲಿ ಮಾಡಿಸಿದ್ದನ್ನು 2021ರಲ್ಲಿ ಕೀಳಿಸಿದೆ. ಎರಡನೇ ಸಲದ ಖರ್ಚಿನಲ್ಲಿ ಕಾಲುಭಾಗ ಮೊದಲನೇ ಸಲದ ಕೆಲಸ ಒಡೆಯುವುದಕ್ಕೇ ಹೋಯಿತು.

ಮೊದಲ ಸಲ ಶುರುವಾಗಿದ್ದು ಜಗಲಿಯ ಗೋಡೆಯಿಂದ. ಮಳೆಗಾಲದಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಗೋಡೆ ಕಪ್ಪಾಗಿ ಒದ್ದೆಯಾಗುತ್ತಿತ್ತು. ನಾನು ಬೆಂಗಳೂರಿನಿಂದ ಎರಡು ವಾರ ರಜೆ ಹಾಕಿ ಬಂದವನು. ಗುತ್ತಿಗೆಯವರು ಗೋಡೆಯನ್ನೊಮ್ಮೆ ನೋಡಿ, ಹೊರಗೆ ಸಿಮೆಂಟ್ ಪ್ಲಾಸ್ಟರ್, ಒಳಗೆ ಪುಟ್ಟಿ, ಅದರ ಮೇಲೆ ವಾಟರ್‌ಪ್ರೂಫ್ ಬಣ್ಣ ಅಂದರು. ಒಪ್ಪಿಬಿಟ್ಟೆ. ಅಮ್ಮ ಮಾತ್ರ, "ಒಂದು ಮಳೆಗಾಲ ಇಲ್ಲೇ ಇದ್ದು ನೋಡು, ಆಮೇಲೆ ಮಾಡ್ಸು" ಅಂದಿದ್ದಳು. ಅಷ್ಟು ರಜೆ ಯಾರು ಕೊಡುತ್ತಾರೆ?

ಮುಂದಿನ ಮಳೆಗಾಲಕ್ಕೆ ತೇವ ಎರಡಡಿ ಏರಿತು, ಅದರ ಮುಂದಿನದಕ್ಕೆ ಮೂರಡಿ. ಪುಟ್ಟಿ ಹಪ್ಪಳದ ಹಾಗೆ ಉಬ್ಬಿ ಉದುರಿತು. ಅದರ ಹಿಂದೆ ಬಿಳೀ ಉಪ್ಪು. ಜಂಬಿಟ್ಟಿಗೆ ತೂತುತೂತಿನ ಕಲ್ಲು, ಬುಡದ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಮೊದಲು ಆ ನೀರು ಸುಣ್ಣದ ಗಿಲಾವಿನ ಮೂಲಕ ಅಲ್ಲಲ್ಲೇ ಆರಿಹೋಗುತ್ತಿತ್ತು. ನಾನು ಎರಡೂ ಕಡೆ ಬಾಗಿಲು ಹಾಕಿದ್ದೆ. ಆರಲು ಜಾಗ ಸಿಗದೆ ಅದು ಇನ್ನೂ ಮೇಲೆ ಹತ್ತಿತ್ತು.

2020ರ ಮಳೆಗಾಲ ಪೂರ್ತಿ ಊರಲ್ಲೇ ಇದ್ದೆ, ಆಫೀಸಿನ ಕೆಲಸ ಮನೆಯಿಂದಲೇ ನಡೆಯುತ್ತಿತ್ತಲ್ಲ. ಕೈಯಲ್ಲೊಂದು ಸೀಮೆಸುಣ್ಣ ಹಿಡಿದು ಪ್ರತಿ ಭಾನುವಾರ ತೇವ ಮುಟ್ಟಿದ ಗೆರೆಯನ್ನು ತಾರೀಖಿನ ಸಮೇತ ಗೋಡೆ ಮೇಲೆ ಗುರುತು ಮಾಡಿದೆ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದ ಮೇಲೆ ಯಾವ ಕಡೆ ಹರಿಯುತ್ತದೆ, ಯಾವ ಹಂಚಿನ ಸಂದಿಯಲ್ಲಿ ಸೋರುತ್ತದೆ, ಎಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಇಡೀ ರಿಪೇರಿಯಲ್ಲಿ ಒಂದು ರೂಪಾಯಿಯೂ ಖರ್ಚಾಗದ ಕೆಲಸ ಇದೊಂದೇ.

ಆದರೂ ಅಸಲು ಕಾರಣ ಹಿಡಿದವನು ನಾನಲ್ಲ. ಮರುವರ್ಷ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು ಗೋಡೆಯನ್ನು ಮುಟ್ಟಲೇ ಇಲ್ಲ. ಅಂಗಳದಲ್ಲಿ ನಿಂತು ಜಗಲಿಯ ಮೆಟ್ಟಿಲನ್ನೇ ನೋಡುತ್ತಾ, "ಹೆಗಡೇರೆ, ಇಲ್ಲಿ ಒಂದು ಮೆಟ್ಲು ಹೂತು ಹೋಗೈತೆ" ಅಂದರು. ಒಳಗೆ ಹೋಗಿ ಅಪ್ಪ ಅಮ್ಮನ ಮದುವೆ ಫೋಟೊ ತಂದು ನೋಡಿದರೆ ನಿಜ. ಅದರಲ್ಲಿ ಮೂರು ಮೆಟ್ಟಿಲು, ಈಗ ಎರಡು. ಅಡಿಕೆ ಒಣಗಿಸಲು ಅನುಕೂಲವಾಗಲಿ ಅಂತ 2004ರಲ್ಲಿ ಅಂಗಳಕ್ಕೆ ನಾಲ್ಕಿಂಚು ಕಾಂಕ್ರೀಟ್ ಹಾಕಿಸಿದ್ದೆವು. ಅದು ಬಿರುಕು ಬಿಟ್ಟಾಗ ಒಡೆಯದೆ ಅದರ ಮೇಲೇ ಇನ್ನೂ ಮೂರಿಂಚು. ಒಟ್ಟು ಏಳಿಂಚು ಏರಿದ ಅಂಗಳ ಪಾಯದ ಕಲ್ಲನ್ನು ದಾಟಿ ಗೋಡೆಗೇ ತಾಗಿತ್ತು. ಲೆವೆಲ್ ಪೈಪಿನಲ್ಲಿ ನೀರು ತುಂಬಿ ಹಿಡಿದರೆ ಇಳಿಜಾರು ಇದ್ದದ್ದು ಮನೆಯ ಕಡೆಗೆ!

ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದೆವು. ಗೋಡೆಯುದ್ದಕ್ಕೂ ಎರಡೂವರೆ ಅಡಿ ಅಗಲ ಕಾಂಕ್ರೀಟ್ ಒಡೆದು, ಮಣ್ಣು ಇಳಿಸಿ, ಸೂರಿನ ನೀರು ಬೀಳುವಲ್ಲಿ ಚರಂಡಿ ತೆಗೆದೆವು. ಹೊರಗಿನ ಸಿಮೆಂಟ್ ಪ್ಲಾಸ್ಟರ್ ಪೂರ್ತಿ ಕೆತ್ತಿಸಿದೆವು. ಆಮೇಲೆ ಗೋಡೆಗೆ ಏನೂ ಮಾಡಲಿಲ್ಲ. ಫೆಬ್ರವರಿವರೆಗೆ ಗೋಡೆ ಬರಿಮೈಯಲ್ಲಿ ನಿಂತಿತ್ತು. ದಾರಿಯಲ್ಲಿ ಹೋಗುವವರೆಲ್ಲ "ದುಡ್ಡು ಮುಗೀತಾ?" ಅಂತ ಕೇಳಿಕೊಂಡೇ ಹೋದರು. ಒಣಗಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಿಲಾವು ಮಾಡಿಸಿದೆ. ಸುಣ್ಣಕ್ಕೆ ನೀರು ಹಾಕಿ ಅರಳಿಸಿ ಮೂರು ವಾರ ಡ್ರಮ್ಮಿನಲ್ಲಿ ನೆನೆಹಾಕಿದ್ದೆವು. ಅರಳುವಾಗ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಕ್ರಮದಲ್ಲೂ ಮೊದಲ ಸಲ ಎಡವಿದ್ದೆ. ಕೋಣೆಗಳಿಗೆ ಬಣ್ಣ ಹೊಡೆಸಿ ಆಮೇಲೆ ಹಂಚು ಇಳಿಸಿದ್ದೆ. ಐವತ್ತು ವರ್ಷದ ಜೇಡರಬಲೆ, ಧೂಳು ಹೊಸ ಬಣ್ಣದ ಮೇಲೆ. ಎರಡನೇ ಸಲ ಮಾಡಿನ, ಅಂದರೆ ಛಾವಣಿಯ, ಕೆಲಸ ಮೊದಲು. ಹಂಚು ತೆಗೆದರೆ ಅದು ಕೂರುವ ಮರದ ಪಟ್ಟಿಗಳಲ್ಲಿ, ಅಂದರೆ ರೀಪುಗಳಲ್ಲಿ, ಅರ್ಧ ಗೆದ್ದಲು ತಿಂದಿತ್ತು. ಅಂದಾಜಿನ ಮೇಲೆ ಶೇಕಡಾ 20ರಷ್ಟು ದುಡ್ಡು ಬೇರೆ ಇಟ್ಟಿದ್ದೆ, ಎಲ್ಲ ಅದಕ್ಕೇ ಸರಿಹೋಯಿತು. ಇನ್ನೊಂದು, ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚುವುದಿಲ್ಲ. ಹಳೆಯವುಗಳ ನಡುನಡುವೆ ಹೊಸದು ಸೇರಿಸಿದರೆ ಸಂದಿ ಬಿಟ್ಟು ಸೋರುತ್ತದೆ. ಗಟ್ಟಿಯಿದ್ದ ಹಳೇ ಹಂಚನ್ನೆಲ್ಲ ಆರಿಸಿ ಮುಂದಿನ ಮಾಡಿಗೆ ಹಾಕಿ, ಹೊಸದನ್ನು ಹಿತ್ತಿಲ ಕಡೆಗೆ ಬೇರೆಯಾಗಿಯೇ ಹೊದೆಸಿದೆವು.

ಅಮ್ಮನ ಕೋಣೆಗೆ ಅಂಟಿದಂತೆ ಹೊಸ ಬಚ್ಚಲು ಕಟ್ಟಿಸುವಾಗ ನಾನು ಹಟ ಹಿಡಿದದ್ದು ಎರಡು ವಿಷಯಕ್ಕೆ. ಒಂದು, ಎಂಟಡಿಗೆ ಒಂದಿಂಚಿನ ಇಳಿಜಾರು. ಇನ್ನೊಂದು, ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ನೋಡುವುದು. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ ಎರಡಿಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದೆ. 48 ಗಂಟೆ ಬಿಟ್ಟು ನೋಡಿದರೆ ಅರ್ಧ ಇಂಚು ಇಳಿದಿತ್ತು. ನೆಲಮಟ್ಟದ ಬಚ್ಚಲಾದ್ದರಿಂದ ಕೆಳಗೆ ತೊಟ್ಟಿಕ್ಕುವುದು ಕಾಣುವಂತಿರಲಿಲ್ಲ, ಗೆರೆ ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಸೋರಿಕೆ ಇದ್ದದ್ದು ನೆಲದ ಜಾಲರಿ ಪೈಪಿನ ಸುತ್ತ. ಕೆಲಸದವರು ಗೊಣಗುತ್ತಲೇ ಮತ್ತೆ ಬಳಿದರು. ಎರಡನೇ ಪರೀಕ್ಷೆಯಲ್ಲಿ ನೀರು ಗೆರೆ ಬಿಟ್ಟು ಅಲ್ಲಾಡಲಿಲ್ಲ.

ವೈರಿಂಗಿನದು ದೊಡ್ಡ ಕಥೆಯೇನಲ್ಲ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ವೈರ್, ಹೊಸ ಅರ್ತಿಂಗ್, ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು. ಗೋಡೆ ಮುಚ್ಚುವ ಮೊದಲು ಪ್ರತಿ ಪೈಪಿನ ಪಕ್ಕ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟೆ. ಬಚ್ಚಲಿನಲ್ಲಿ ಅಮ್ಮನಿಗೆ ಕೈಹಿಡಿ ಕೂರಿಸುವಾಗ ಆ ಫೋಟೊ ನೋಡಿಯೇ ತೂತು ಹೊಡೆದದ್ದು. ಇಲ್ಲದಿದ್ದರೆ ಡ್ರಿಲ್ ಸೀದಾ ಬಿಸಿನೀರಿನ ಪೈಪಿಗೆ ಹೋಗುತ್ತಿತ್ತು.

ತಿದ್ದಲಾಗದೆ ಉಳಿದ ತಪ್ಪೊಂದಿದೆ, ನೆಲದ್ದು. 2018ರಲ್ಲಿ ಜಗಲಿಯ ಕೆಂಪು ಕಾವಿ ನೆಲದ ಮೇಲೇ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆ. ನೆಲ ಎರಡಿಂಚು ಏರಿ, ಅಜ್ಜನ ಕಾಲದ ಬೀಟೆ ಬಾಗಿಲುಗಳ ಬುಡ ಕೊಯ್ಯಬೇಕಾಯಿತು. ಆ ಟೈಲ್ಸ್ ಹೆಚ್ಚುಕಡಿಮೆ ನೀರನ್ನೇ ಹೀರದ ಜಾತಿ, ಬರೀ ನೀರಲ್ಲಿ ಕಲಸಿದ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಅಂಟು ಬೇಕು. ಅದು ನನಗೂ ಗೊತ್ತಿರಲಿಲ್ಲ, ಹಾಕಿದವರೂ ಹೇಳಲಿಲ್ಲ. ಈಗ ನಾಣ್ಯದಿಂದ ಬಡಿದರೆ ಹತ್ತರಲ್ಲಿ ನಾಲ್ಕು ಟೊಳ್ಳು ಸದ್ದು ಮಾಡುತ್ತವೆ. ಕಳೆದ ವರ್ಷ ಅಡಿಕೆ ಮೂಟೆ ಬಿದ್ದಲ್ಲಿ ಒಂದು ಬಿರಿದು ಎದ್ದು ಬಂತು. ಅದರಡಿ ಕಾವಿ ನೆಲ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು. ಅಮ್ಮ ಅಲ್ಲಿ ಹೊಸ ಟೈಲ್ಸ್ ಕೂರಿಸಲು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಆ ಎರಡಡಿ ಚೌಕವನ್ನು ಒರೆಸಿ ಪುಟ್ಟದೊಂದು ರಂಗೋಲಿ ಹಾಕುತ್ತಾಳೆ.