ಹರಾಜಿನಲ್ಲಿ ಬಂದ ಹಳದಿ ಟಕುಮಾರ್ ತಿಳಿಯಾದದ್ದು ಹೇಗೆ: ನನ್ನ ಅನುಭವ

ಲೆನ್ಸು ಹಳೆಯ ಪೆಂಟ್ಯಾಕ್ಸ್ ಕ್ಯಾಮರಾಗಳ ಸೂಪರ್ ಟಕುಮಾರ್ 50 ಎಂಎಂ ಎಫ್1.4, ಏಳು ಗಾಜಿನ ಮಾದರಿ. ಜಪಾನಿನ ಆನ್‌ಲೈನ್ ಹರಾಜಿನಲ್ಲಿ ಕೂಗಿ ಹಿಡಿದದ್ದು. ‘ಸ್ವಲ್ಪ ಹಳದಿ, ಉಳಿದಂತೆ ಚೆನ್ನಾಗಿದೆ’ ಎಂದು ವಿವರಣೆ ಇತ್ತು. ಬಂದ ಮಾಲನ್ನು ಬಿಳಿ ಹಾಳೆಯ ಮೇಲಿಟ್ಟರೆ ಗಾಜಿನೊಳಗೆ ಡಿಕಾಕ್ಷನ್ ತುಂಬಿದಂತಿತ್ತು. ಮುಂದಿನ ಗಾಜಿನ ಒಳಮೈ ಅಂಚಿನಲ್ಲಿ ಫಂಗಸ್, ಅಪರ್ಚರ್ (ಬೆಳಕಿನ ಕಿಂಡಿ) ಬ್ಲೇಡುಗಳ ಮೇಲೆ ಎಣ್ಣೆ. ಹರಾಜಿನ ಬೆಲೆ, ಅಂಚೆ, ಕಸ್ಟಮ್ಸ್ ಎಲ್ಲ ಸೇರಿ ಎಂಟು ಸಾವಿರದ ಮೇಲೆ ಬಿದ್ದಿತ್ತು. ವಾಪಸ್ ಕಳಿಸಲು ಅಂಚೆ ಖರ್ಚೇ ಎರಡು ಸಾವಿರದ ಹತ್ತಿರ, ಕಟ್ಟಿದ ಸುಂಕದ ಆಸೆ ಬಿಡಬೇಕು. ಮಾರಿದವರ ಜೊತೆ ಬರೆದಾಡಿ ಸಾವಿರದಷ್ಟು ಹಿಂದಕ್ಕೆ ಬಂತು. ಬಿಡಿಭಾಗಕ್ಕೆ ಮಾರಿಬಿಡು, ಇಲ್ಲವೇ ಬ್ಲಾಕ್ ಅಂಡ್ ವೈಟ್ ಫಿಲ್ಮಿಗೆ ಹಳದಿ ಫಿಲ್ಟರಿನ ಬದಲು ಇಟ್ಟುಕೋ ಎಂದು ತಿಳಿದವರೆಲ್ಲ ಹೇಳಿದರು. ಬೆಳಕಿಗಿಟ್ಟರೆ ಹಳದಿ ಹೋಗುತ್ತದೆ ಅನ್ನುವುದು ಬರೀ ಮಾತು ಅಂದವರೂ ಅವರೇ. ಹಳದಿ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಮಾದರಿಯ ಹಿಂದಿನ ಗುಂಪಿನಲ್ಲಿ (ಕ್ಯಾಮರಾದ ಕಡೆಗಿರುವ ಗಾಜುಗಳು) ಥೋರಿಯಂ ಎಂಬ ವಿಕಿರಣ ಸೂಸುವ ಲೋಹ ಸೇರಿಸಿದ ಗಾಜು ಇದೆ. ಅದರದೇ ವಿಕಿರಣ ದಶಕಗಟ್ಟಲೆ ಬಡಿದು ಗಾಜು ಕಂದು ಬಣ್ಣಕ್ಕೆ ತಿರುಗುತ್ತದೆ. ಯುವಿ (ನೇರಳಾತೀತ) ಬೆಳಕು ಆ ಬಣ್ಣವನ್ನು ಬಿಡಿಸುತ್ತದೆ. ಕೆಲಸ ಮಾಡುವವರು ನೆನಪಿಡಬೇಕಾದದ್ದು ಒಂದೇ: ಹಳದಿ ಇರುವುದು ಹಿಂದೆ, ಹಾಗಾಗಿ ಬೆಳಕೂ ಹಿಂದಿನಿಂದಲೇ ಹೋಗಬೇಕು. ಮುಂದಿನ ಗಾಜನ್ನು ಬಿಸಿಲಿಗೆ ತೋರಿಸಿ ಇಟ್ಟವರಿಗೆ ಫಲ ಸಿಗದಿರಲು ಅರ್ಧ ಕಾರಣ ಇದೇ. ಅಷ್ಟೂ ಗಾಜು ದಾಟಿ ಬರುವಷ್ಟರಲ್ಲಿ ಯುವಿ ಬಹುಪಾಲು ಕರಗಿಹೋಗಿರುತ್ತದೆ.

ಬಿಸಿಲು ಪುಕ್ಕಟೆ, ಆದರೆ ಕಾಟ ಹೆಚ್ಚು. ಪಾಲಿಕಾರ್ಬೊನೇಟ್ ಶೀಟಿನ ಕೆಳಗೆ ಇಟ್ಟರೆ ಏನೂ ಆಗುವುದಿಲ್ಲ, ಆ ಶೀಟು ಯುವಿಯನ್ನೇ ತಡೆಯುತ್ತದೆ. ಸನ್‌ಫಿಲ್ಮ್ ಅಂಟಿಸಿದ ಕಿಟಕಿಯೂ ಹಾಗೇ. ಬಯಲಿನಲ್ಲಿ ಇಟ್ಟರೆ ಕಪ್ಪು ಲೋಹ ಮಧ್ಯಾಹ್ನದ ಹೊತ್ತಿಗೆ ಮುಟ್ಟಲಾರದಷ್ಟು ಕಾದು, ಹೆಲಿಕಾಯ್ಡಿನ (ಫೋಕಸ್ ಮಾಡುವ ತಿರುಪಿನ) ಹಳೇ ಗ್ರೀಸು ನೀರಾಗಿ, ಅದರ ಎಣ್ಣೆ ಬ್ಲೇಡುಗಳ ಮೇಲೆ ಹರಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಒಂದು ವಾರ ಇಟ್ಟ ಮೇಲೆ ಹಳದಿ ಕಾಲುಭಾಗ ಇಳಿದಿತ್ತು, ಬ್ಲೇಡಿನ ಎಣ್ಣೆ ಎರಡರಷ್ಟಾಗಿತ್ತು. ಇನ್ನೊಂದು ಅಪಾಯ, ಲೆನ್ಸು ಯಾವ ಕಡೆ ತಿರುಗಿದ್ದರೂ ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸುತ್ತದೆ. ಮರದ ಮೇಜು, ಬಟ್ಟೆಯ ಮೇಲೆ ಇಡಲೇಬಾರದು.

ದಾರಿ ತೆರೆದದ್ದು ಹಿಂದಿನ ಗುಂಪನ್ನೇ ಬೇರೆ ಮಾಡಿದಾಗ. ಹಿಂಬದಿಯ ರಿಂಗಿನ ಕಚ್ಚುಗಳಿಗೆ ಲೆನ್ಸ್ ಸ್ಪ್ಯಾನರ್ ಕೂರಿಸಿ, ಗಾಜಿನ ಮೇಲೆ ದಪ್ಪ ಕಾಗದದ ಬಿಲ್ಲೆ ಇಟ್ಟು (ಸ್ಪ್ಯಾನರ್ ಜಾರಿದರೆ ಗೀರು ಬೀಳುವುದು ಹಿಂದಿನ ಗಾಜಿಗೇ), ಇಡೀ ಗುಂಪನ್ನು ಒಂದೇ ತುಂಡಾಗಿ ತಿರುಗಿಸಿ ತೆಗೆಯುವುದು. ಗಾಜನ್ನು ಹಿಡಿದಿರುವ ಒಳರಿಂಗ್ ಮುಟ್ಟಬೇಡಿ, ಮುಟ್ಟಿದರೆ ಸೆಂಟರಿಂಗ್ (ಗಾಜುಗಳು ಒಂದೇ ನೇರದಲ್ಲಿ ಕೂರುವುದು) ಹೋಯಿತು. ಕಚ್ಚಿಕೊಂಡ ರಿಂಗ್ ಬಿಡಿಸಲು ನನ್ನದೇ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗುಂಪು ಹೊರಗೆ ಬಂದರೆ ಗ್ರೀಸು, ಬ್ಲೇಡು ಯಾವುದರ ಚಿಂತೆಯೂ ಇಲ್ಲ.

ಬೆಳಕಿಗೆ ಏಳುನೂರು ರೂಪಾಯಿ ಆಸುಪಾಸಿನ 395 ನ್ಯಾನೋಮೀಟರ್ ಯುವಿ ಎಲ್‌ಇಡಿ, ಯುಎಸ್‌ಬಿಯಿಂದ ಓಡುವಂಥದ್ದು. ಬ್ಯಾಟರಿ ಟಾರ್ಚು ಗಂಟೆಯೊಳಗೆ ಮಂಕಾಗುತ್ತದೆ, ಉಪಯೋಗವಿಲ್ಲ. ಸಿಹಿಡಬ್ಬಕ್ಕೆ ಒಳಗೆಲ್ಲ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ, ತಳದ ಫಾಯಿಲ್ ಮೇಲೆ ಗುಂಪನ್ನು ಹಿಂಬದಿ ಮೇಲಾಗಿ ಇಟ್ಟು, ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ದೀಪ. ದಾಟಿಹೋದ ಬೆಳಕು ಫಾಯಿಲ್‌ಗೆ ಬಡಿದು ಮತ್ತೆ ಗಾಜಿನೊಳಗೆ ಬರುತ್ತದೆ. ಗಾಳಿಗೆ ಎರಡು ತೂತು ಬಿಡಿ. ಮುಚ್ಚಳ ತೆಗೆಯುವ ಮೊದಲು ದೀಪ ಆರಿಸಿ, ಕಣ್ಣಿನ ವಿಷಯದಲ್ಲಿ ಸಸಾರ ಬೇಡ. ಮೂರನೇ ದಿನದ ಹೊತ್ತಿಗೆ ಕಂದು ಬಣ್ಣ ಹೋಗಿ ಜೇನಿನ ಬಣ್ಣ, ಎರಡನೇ ವಾರದಲ್ಲಿ ಬಿಳಿ ಹಾಳೆಯ ಮೇಲೆ ಹಳದಿಯ ಸುಳಿವಷ್ಟೇ. ಅಲ್ಲಿಂದ ಮುಂದೆ ತುಂಬಾ ನಿಧಾನ.

ಬರಿಗಣ್ಣನ್ನು ನಂಬಬೇಡಿ. ನಾನು ಅಳೆದದ್ದು ಹೀಗೆ: ಟ್ರೈಪಾಡ್, ಗ್ರೇ ಕಾರ್ಡ್ (ಅಳತೆಗೆ ಇಡುವ ಬೂದು ಹಾಳೆ), ಡೇಲೈಟಿಗೆ ಕಟ್ಟಿದ ವೈಟ್ ಬ್ಯಾಲೆನ್ಸ್, ಎಫ್4. ಮೊದಲು 1/60 ಸೆಕೆಂಡಿನ ಶಟರ್ ಬೇಕಿದ್ದ ಕಡೆ ಆಮೇಲೆ 1/100 ಸಾಕಾಯಿತು, ಅಂದರೆ ಮುಕ್ಕಾಲು ಸ್ಟಾಪಿಗೆ ಹತ್ತಿರ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಬೆಳಕು ಮರಳಿ ಬಂತು. ಫೋಟೋದ ನೀಲಿ ಚಾನೆಲ್ಲಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ.

ಜೆಲ್ ಉಗುರುಬಣ್ಣ ಒಣಗಿಸುವ ದೀಪವನ್ನೂ ಪರೀಕ್ಷಿಸಿದೆ. ಕೆಲಸ ಮಾಡುತ್ತದೆ, ಆದರೆ ಟೈಮರ್ ಎರಡು ನಿಮಿಷಕ್ಕೆ ಆರಿಸಿಬಿಡುತ್ತದೆ, ಕೂತು ಒತ್ತುತ್ತಿರಬೇಕು. ಹಳದಿ ಛಾಯೆಯ ಒಂದು ಹೀಲಿಯೋಸ್ 44-2 (ಹಳೆಯ ಸೋವಿಯತ್ ಲೆನ್ಸು) ಅನ್ನೂ ಅದೇ ಡಬ್ಬದಲ್ಲಿಟ್ಟೆ, ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅದರದ್ದು ಕೋಟಿಂಗಿನ (ಗಾಜಿನ ಮೇಲಿನ ತೆಳು ಲೇಪದ) ಬಣ್ಣ, ಥೋರಿಯಂ ಅಲ್ಲ. ಮುಂದಿನ ಗಾಜು ಒಳಕ್ಕೆ ತಗ್ಗಿರುವ ಹಳೆಯ ಕೆನಾನ್ ಎಫ್‌ಡಿ 35 ಎಂಎಂ ಎಫ್2 ಇದ್ದವರು ಧೈರ್ಯವಾಗಿ ಮಾಡಬಹುದು, ಅದು ಥೋರಿಯಂ ಜಾತಿಯದೇ.

ಯುವಿ ಫಂಗಸ್ಸನ್ನು ಕೊಲ್ಲಬಹುದು, ಗಾಜಿನಿಂದ ಎಬ್ಬಿಸುವುದಿಲ್ಲ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಸಿಗುವುದು 6%, ಸಮ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ 3%. ಅದಕ್ಕೆ ಅಷ್ಟೇ ಪ್ರಮಾಣದ ತೆಳು ಅಮೋನಿಯಾ. ಅರ್ಧ ಚಮಚದಷ್ಟು ಬೇಕಾದಾಗಲೇ ಕಲಸಿ, ಮಿಕ್ಕದ್ದನ್ನು ಚೆಲ್ಲಿ. ಬಾಟಲಿಗೆ ತುಂಬಿ ಮುಚ್ಚಳ ಹಾಕಿದರೆ ಅನಿಲ ಕೂಡಿ ಸಿಡಿಯುತ್ತದೆ. ಹತ್ತಿಗೆ ತೇವ ಮಾಡಿ ಒಂದು ನಿಮಿಷ ಇಟ್ಟು ಒರೆಸಿ, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್). ನೆನೆಹಾಕಿದರೆ ಅಂಚಿನ ಕಪ್ಪು ಬಣ್ಣ ಏಳುತ್ತದೆ. ಕೋಟಿಂಗನ್ನೇ ತಿಂದ ಗೆರೆ ಉಳಿದೇ ಉಳಿಯುತ್ತದೆ. ನನ್ನದರಲ್ಲಿ ಎರಡು ಉಳಿದಿವೆ, ಎದುರು ಬೆಳಕಲ್ಲದೆ ಬೇರೆಲ್ಲೂ ಕಾಣವು. ಬ್ಲೇಡಿಗೆ ವೈಟ್ ಪೆಟ್ರೋಲ್ (ಡ್ರೈಕ್ಲೀನಿಂಗಿಗೆ ಬಳಸುವುದು), ಹತ್ತಿ ಕಡ್ಡಿಯಲ್ಲಿ, ತೆರೆದು ಮುಚ್ಚಿ ನಾಲ್ಕಾರು ಸುತ್ತು. ಮುಂದಿನ ಗಾಜಿನ ಒಳಮೈ ತಲುಪಲು ಬಿಚ್ಚಬೇಕಾದ ಮುಂಬದಿಯ ಸ್ಕ್ರೂಗಳು ಜಪಾನಿನ ಜೆಐಎಸ್ ಮಾನಕದವು, ಸಾಮಾನ್ಯ ಸ್ಟಾರ್ ಡ್ರೈವರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಲೆನ್ಸಿನ ಹೆಸರು ಬರೆದ ಮುಂಬದಿಯ ರಿಂಗಿಗೆ ಕಚ್ಚೇ ಇಲ್ಲ, ಸರಿಯಾದ ಅಳತೆಯ ರಬ್ಬರ್ ಬಿರಡೆ ಒತ್ತಿ ತಿರುಗಿಸಬೇಕು.

ದೀಪ, ಸ್ಪ್ಯಾನರ್, ಡ್ರೈವರ್, ದ್ರಾವಣ ಎಲ್ಲ ಎರಡು ಸಾವಿರ ಚಿಲ್ಲರೆ. ಸಾವಿರ ವಾಪಸ್ ಬಂದದ್ದು ಕಳೆದರೂ ಲೆನ್ಸು ಒಂಬತ್ತು ಸಾವಿರಕ್ಕೆ ಬಿತ್ತು. ಇಷ್ಟು ತಿಳಿಯಾದ ಪೀಸಿಗೆ ಇಲ್ಲಿ ಹನ್ನೆರಡು ಹದಿಮೂರು ಕೇಳುತ್ತಾರೆ, ಸಲಕರಣೆ ಮುಂದಿನದಕ್ಕೂ ಉಳಿಯಿತು. ಹಳದಿ ವರ್ಷಗಳ ಮೇಲೆ ಮತ್ತೆ ಮೆಲ್ಲಗೆ ಬರುತ್ತದೆ, ಆಗ ಡಬ್ಬ ಮತ್ತೆ ಹೊರಗೆ ತೆಗೆದರಾಯಿತು.

ಹರಾಜಿನಲ್ಲಿ ಕಪ್ಪು ಬಟ್ಟೆಯ ಮೇಲೆ ತೆಗೆದ ಫೋಟೋದಲ್ಲಿ ಈ ಬಣ್ಣ ಕಾಣುವುದೇ ಇಲ್ಲ. ಬಿಳಿ ಹಾಳೆಯ ಮೇಲೆ, ಅಪರ್ಚರ್ ಪೂರ್ತಿ ತೆರೆದ ಫೋಟೋ ಕೇಳಿ. ಒಂದು ಟಾರ್ಚನ್ನು ಹಿಂದಿನಿಂದ ಹಾಯಿಸಿದ ಫೋಟೋವನ್ನೂ ಕೇಳಿ, ಮಂಜು ಮುಸುಕಿದ್ದು ಅದರಲ್ಲಿ ಗೊತ್ತಾಗುತ್ತದೆ. ಹಳದಿಯೊಂದೇ ಆದರೆ ಬೆಲೆ ಮುರಿದು ಕೂಗಿ. ಅಂಟು ಬಿಟ್ಟ ಗಾಜು, ಒಳಗಿನ ಮಂಜು ಕಂಡರೆ ಎಷ್ಟು ಅಗ್ಗವಾದರೂ ಬಿಡಿ.